ಅಕ್ಕನಿಗೆ ಇನ್ನೊಂದು ಕಡಲತೀರ

ಮೊಣಕಾಲಿನ ಆಪರೇಷನ್ ಆದ ಮೇಲೆ ಅಕ್ಕ ದ್ವೀಪಕ್ಕೆ ಬಂದಿಳಿದಾಗ ಕ್ಷೌರಿಕನ ಮುಖ ಸಪ್ಪಗಾಯಿತು. ಅವನಿಗಿದ್ದದ್ದು ಅಂಗಡಿಯ ಹಿಂದಿನ ಒಂದೇ ಕೋಣೆ. ಒಂಟಿ ಜೀವ, ತನ್ನ ಪಾಡಿಗೆ ತಾನಿದ್ದು ರೂಢಿ. ಅಕ್ಕನೋ, ಹಾಸ್ಟೆಲ್ ವಾರ್ಡನ್ ಆಗಿದ್ದು ನಿವೃತ್ತಳಾದವಳು. ಬಂದ ದಿನವೇ ಅವನ ಬಾಚಣಿಗೆಗಳನ್ನೆಲ್ಲ ಬಿಸಿನೀರಿಗೆ ಹಾಕಿ, ಕನ್ನಡಿ ಉಜ್ಜಿ, "ಇಷ್ಟು ದಿನ ಗಿರಾಕಿಗಳು ಇದ್ರಲ್ಲಿ ಮುಖ ಹೇಗೆ ನೋಡ್ಕೊಂಡ್ರೋ" ಅಂದಳು.

ಒಂದು ತಿಂಗಳು ತಾನೇ ಎಂದು ಅವನು ಹಲ್ಲು ಕಚ್ಚಿಕೊಂಡ.

ಮರಳಿನ ಮೇಲೆ ನಡೆಯಬೇಕೆಂದು ಡಾಕ್ಟರು ಹೇಳಿದ್ದರು. ಕ್ಷೌರಿಕ ಇಲ್ಲಿಗೆ ಬಂದು ಅಂಗಡಿ ಹಾಕಿ ತಲೆ ನರೆತಿದ್ದರೂ ಕಡಲಿಗೆ ಕಾಲಿಟ್ಟವನಲ್ಲ. ಗಿರಾಕಿಗಳ ಚಪ್ಪಲಿಗೆ ಮೆತ್ತಿಕೊಂಡು ಅಂಗಡಿಗೆ ಮರಳು ಬರುತ್ತದೆ ಎಂಬುದಷ್ಟೇ ಕಡಲಿನ ಬಗ್ಗೆ ಅವನಿಗಿದ್ದ ಅಭಿಪ್ರಾಯ.

"ಚಳಿಗಾಲಕ್ಕೆ ದಕ್ಷಿಣದ ಕರಿಮರಳೇ ಸರಿ," ಎಂದ ದೋಣಿ ರಿಪೇರಿಯವನು, ಗಡ್ಡಕ್ಕೆ ನೊರೆ ಹಚ್ಚಿಸಿಕೊಳ್ಳುತ್ತಾ. "ಬಿಸಿಲು ಹೀರ್ಕೊಂಡು ಬೆಚ್ಚಗಿರುತ್ತೆ."

ಅಂಗಡಿಯ ರಜೆಯ ದಿನ ಇಬ್ಬರೂ ಹೋದರು. ಅಕ್ಕ ಮೊಣಕಾಲನ್ನು ಬೆಚ್ಚನೆಯ ಮರಳಿನಲ್ಲಿ ಹೂತುಕೊಂಡು ಹಾಯಾಗಿ ನಿದ್ದೆಹೋದಳು. ಅವನು ಬೂಟು ಹಾಕಿಕೊಂಡೇ ಕೂತಿದ್ದ. ಹೊತ್ತು ಸರಿದಂತೆ ಬೂಟು ಬಿಚ್ಚಿದ, ಆಮೇಲೆ ಕಾಲುಚೀಲವನ್ನೂ.

ತಿಂಗಳು ತುಂಬಿತು. ಅಕ್ಕ ಪೆಟ್ಟಿಗೆಗೆ ಬಟ್ಟೆ ತುಂಬುತ್ತಿದ್ದಳು.

"ಗಾಳಿಗಾಲಕ್ಕೆ ಪೂರ್ವದ ಗುಂಡುಕಲ್ಲಿನ ತೀರ ನೋಡ್ಬೇಕಂತೆ," ಎಂದ ತಮ್ಮ, ಕತ್ತರಿ ಒರೆಸುತ್ತಾ. "ಅಲೆ ಹಿಂದಕ್ಕೆ ಹೋಗುವಾಗ ಕಲ್ಲೆಲ್ಲ ಗಡಗಡ ಉರುಳ್ತವಂತೆ."

"ನೀನು ನೋಡಿದೀಯಾ?"

"ಎಲ್ಲಿ ನೋಡ್ಲಿ."

ಅಕ್ಕ ಬಟ್ಟೆ ಹೊರಗೆ ತೆಗೆದಳು.

ಅಲ್ಲಿಂದ ಅವನು ಕುರ್ಚಿಯಲ್ಲಿ ಕೂತವರನ್ನೆಲ್ಲ ಕಡಲತೀರದ ವಿಷಯ ಕೇಳುತ್ತಾ ಹೋದ. ಬೇಸಿಗೆಗೆ ಉತ್ತರದ ತೀರ ಸಿಕ್ಕಿತು. ಅಲ್ಲಿ ಎಷ್ಟು ದೂರ ನಡೆದರೂ ನೀರು ಮೊಣಕಾಲು ದಾಟುವುದಿಲ್ಲ. ಅಕ್ಕ ಮೆಲ್ಲಗೆ ಹಿಂದಕ್ಕೆ ವಾಲಿ, ತೊಟ್ಟಿಲಿನಲ್ಲಿ ಮಲಗಿದ ಹಾಗೆ ತೇಲಿದಳು. ಅವಳನ್ನೇ ನೋಡುತ್ತಾ ನಿಂತವನು ಆಯ ತಪ್ಪಿ ಬಿದ್ದು, ಕೈಕಾಲು ಬಡಿದ.

"ಎದ್ದು ನಿಂತ್ಕೊಳ್ಳೋ. ಬಕೆಟ್ ನೀರಲ್ಲಿ ಮುಳುಗಿದ ಹಾಗೆ ಆಡ್ತೀಯಲ್ಲ."

ಎದ್ದು ನಿಂತು ಅವನು ನಕ್ಕ ನಗು ಹೊಟ್ಟೆ ಹಿಡಿದುಕೊಳ್ಳುವಂಥದ್ದು. ಅಷ್ಟು ನಕ್ಕು ಯಾವ ಕಾಲವಾಗಿತ್ತೋ ಅವನಿಗೇ ನೆನಪಿರಲಿಲ್ಲ.

ಮಳೆಗಾಲದಲ್ಲಿ ಪಶ್ಚಿಮದ ತೀರದಲ್ಲಿ ನೀರಿನ ಹತ್ತಿರ ಸುಳಿಯುವಂತಿಲ್ಲ. ಮೇಲಿನ ದಂಡೆಯಲ್ಲಿ ಬಾಗಿಲು ಹಾಕಿದ್ದ ತಿಂಡಿ ಅಂಗಡಿಯ ಜಗಲಿಯಲ್ಲಿ ಕೂತು, ಫ್ಲಾಸ್ಕಿನ ಚಹಾ ಹಂಚಿಕೊಂಡು, ಮನೆಯೆತ್ತರದ ಅಲೆಗಳನ್ನು ನೋಡಿದರು.

"ಮಳೆ ನಿಂತ ಮೇಲೆ ಹೊರಟೇಬಿಡ್ತೀನಿ," ಎಂದಳು ಅಕ್ಕ. "ಕಾಲು ವಾಸಿಯಾಯ್ತು. ಒಂದೇ ಕೋಣೇಲಿ ನಿನಗೂ ಉಸಿರು ಕಟ್ಟುತ್ತೆ."

ಅವನು ಲೋಟದೊಳಗೆ ನೋಡುತ್ತಾ ಕೂತ. "ಅಂಗಡಿ ಮೇಲಿನ ಮಹಡಿ ಖಾಲಿ ಇದೆ. ಮಾಲೀಕರ ಹತ್ರ ಹೋದ ವಾರಾನೇ ಮಾತಾಡಿದೀನಿ."

"ನನ್ನ ಕೇಳದೇನೇ?"

"ಕೇಳಿದ್ರೆ ಬೇಡ ಅಂದ್ಬಿಟ್ರೆ ಅಂತ ಭಯ ಆಯ್ತಕ್ಕ."

ಅಕ್ಕ ಸೆರಗಿನಿಂದ ಮುಖದ ಮೇಲಿನ ತುಂತುರು ಒರೆಸಿಕೊಂಡಳು. ತುಂತುರೇ ಇರಬೇಕು. "ಮೆಟ್ಟಿಲು ಕಡಿದಾಗಿದ್ಯಾ?" ಎಂದು ಕೇಳಿದಳು.

"ನಿನ್ನ ಕಾಲಿಗೆ ಅದೇನು ಲೆಕ್ಕ."

ಮಳೆ ಹೊಳವಾದ ವಾರವೇ ಅವನು ಮಂಚದ ಒಂದು ತುದಿ ಹಿಡಿದ, ದೋಣಿ ರಿಪೇರಿಯವನು ಇನ್ನೊಂದು ತುದಿ. ಅಕ್ಕ ಮಹಡಿಯ ಮೆಟ್ಟಿಲ ತುದಿಯಲ್ಲಿ ನಿಂತು, ಗೋಡೆಗೆ ತಾಗಿಸಬೇಡಿ, ಸುಣ್ಣ ಉದುರುತ್ತೆ ಎಂದು ಇಬ್ಬರನ್ನೂ ಗದರಿಸುತ್ತಿದ್ದಳು.