ಅರೆಯುವವಳಿಗೆ ಗೊತ್ತಿಲ್ಲದ ಬೇರು

ಎರಡನೆಯ ಸ್ಕ್ಯಾನಿನಲ್ಲಿ ಗಂಟು ದೊಡ್ಡದಾಗಿತ್ತು.

ಆರು ವರ್ಷದ ಶಾಂಭವಿಗೆ ಮೂತ್ರದಲ್ಲಿ ರಕ್ತ ಕಂಡಾಗ ಹುಣಸೂರಿನಲ್ಲಿ ಗಡ್ಡೆ ಎಂದಿದ್ದರು. ಮೈಸೂರಿನ ಡಾಕ್ಟರಮ್ಮ ಚೂರು ತೆಗೆದು ಪರೀಕ್ಷೆ ಮಾಡಿಸಿ, ಕ್ಯಾನ್ಸರ್ ಅಲ್ಲ, ಮೂತ್ರಕೋಶದ ಗೋಡೆ ಉರಿಯೂತಕ್ಕೆ ಊದಿಕೊಂಡಿದೆ, ಮಕ್ಕಳಲ್ಲಿ ಇದು ಥೇಟ್ ಗಡ್ಡೆಯ ಹಾಗೇ ಕಾಣುವುದುಂಟು ಎಂದಾಗ ತಾಯಿ ಹೇಮಶ್ರೀ ಕೂತಲ್ಲೇ ಕೈಮುಗಿದಿದ್ದಳು. ಮಾತ್ರೆಗೆ ಹದಿನೈದು ದಿನದಲ್ಲಿ ಇಳಿಯಬೇಕಿದ್ದ ಊತ ಈಗ ಬೆಳೆದಿತ್ತು. ಏನೋ ಒಂದು ಕೆಣಕುತ್ತಲೇ ಇದೆ, ಹೀಗೇ ಆದರೆ ಆ ಭಾಗ ಕತ್ತರಿಸಬೇಕಾದೀತು ಎಂದರು ಡಾಕ್ಟರಮ್ಮ. ಮನೆಯಲ್ಲಿ ಬೇರೇನಾದರೂ ಕುಡಿಸುತ್ತಿದ್ದೀರಾ ಎಂದು ಕೇಳಿದರು.

"ಏನೂ ಇಲ್ಲ ಕಣವ್ವ," ಎಂದರು ಅತ್ತೆ ನೀಲಾಂಬಿಕೆ.

ಹೇಮಶ್ರೀ ನೆಲ ನೋಡಿದಳು. ಮಗು ಹಾಸಿಗೆ ಒದ್ದೆ ಮಾಡುತ್ತದೆಂದು ಅತ್ತೆ ಎಚ್.ಡಿ. ಕೋಟೆ ಕಡೆಯ ತವರಿನಿಂದ ಬೇರಿನ ಮದ್ದು ತಂದಿದ್ದರು. ಹಾಲಲ್ಲಿ ಅರೆದು ನಲವತ್ತೆಂಟು ದಿನ ಕೊಡಬೇಕು. ದೀಪ ಮುಟ್ಟಿ ಆಣೆಯಿಟ್ಟವರು ಹೊರಗಿನವರೆದುರು ಬಾಯಿಬಿಟ್ಟರೆ ಮದ್ದು ಕುಡಿದವರ ಮೇಲೇ ತಿರುಗುತ್ತದೆ. ಹೇಮಶ್ರೀಯೂ ದೀಪ ಮುಟ್ಟಿದ್ದಳು. ಈವತ್ತಿಗೆ ನಲವತ್ತೊಂದನೆಯ ದಿನ. ಬೆಳಿಗ್ಗೆ ಅರೆದವಳು ಹೇಮಶ್ರೀಯೇ. ಸುಮ್ಮನಿದ್ದರೆ ಮಗುವಿಗೆ ಕತ್ತರಿ, ಹೇಳಿದರೂ ಮಗುವಿಗೇ. ಗಂಡ ಹೊಗೆಸೊಪ್ಪು ಹದ ಮಾಡುವ ಬ್ಯಾರನ್ನಿನ ಬೆಂಕಿ ಬಿಟ್ಟು ಬರುವ ಹಾಗಿರಲಿಲ್ಲ. ಫೋನಿನಲ್ಲಿ, ಅವ್ವ ಹೇಳಿದಂಗೆ ಕೇಳು ಎಂದಿದ್ದ.

"ಅಮ್ಮ, ಮತ್ತೆ ಬಂತು."

ಮಗಳನ್ನು ಎತ್ತಿಕೊಂಡು ಶೌಚಾಲಯಕ್ಕೆ ಓಡಿದಳು. ಮಗು ಮುಕ್ಕರಿಯಿತು, ಅತ್ತಿತು. ಬಂದದ್ದು ಮೂರು ಹನಿ, ಕೆಂಪು.

"ಇನ್ನೇಳು ದಿನ ಕುಡುದ್ರೆ ಉರಿ ವೋಯ್ತದಾ ಅಮ್ಮ?"

ಹೇಮಶ್ರೀ ವಾಪಸು ಬಂದವಳು ಕೂರಲಿಲ್ಲ.

"ಬೇರಿನ್ ಮದ್ದು ಕುಡಿಸ್ತಿದೀವಿ ಮೇಡಂ. ನಾನೇ ಅರೀತಿದ್ದೆ."

"ಎಂತಾ ಕೆಲ್ಸ ಮಾಡ್ಬುಟ್ಟೆ, ಹೇಮ," ಎಂದರು ಅತ್ತೆ, ಮೆಲ್ಲಗೆ.

ಡಾಕ್ಟರಮ್ಮ ಬೈಯಲಿಲ್ಲ. ಯಾವ ಬೇರು ಎಂದರು. ಹೇಮಶ್ರೀಗೆ ಗೊತ್ತಿರಲಿಲ್ಲ, ಅವಳ ಕೈಗೆ ಬರುತ್ತಿದ್ದದ್ದು ಒಣಗಿಸಿ ಕುಟ್ಟಿದ ಪುಡಿ. ಇಬ್ಬರೂ ನೀಲಾಂಬಿಕೆಯತ್ತ ತಿರುಗಿದರು.

"ನನ್ ಮಕ್ಳು ಮೂವರ್ಗೂ ಕೊಟ್ಟಿವ್ನಿ. ಒಬ್ರಿಗೂ ಏನೂ ಆಗ್ನಿಲ್ಲ."

"ಆಗದೇ ಇರಬಹುದು ಅಜ್ಜಿ. ಇವಳ ಮೈಗೆ ಒಗ್ಗಿಲ್ಲವೇನೋ. ಕುಡಿಸೋದು ಇವತ್ತೇ ನಿಲ್ಲಿಸಿ. ಏನು ಅಂತ ಗೊತ್ತಾದರೆ ಕತ್ತರಿಸದೇ ವಾಸಿ ಮಾಡೋಕೆ ದಾರಿ ಹುಡುಕಬಹುದು."

ಬೇರಿನ ಹೆಸರನ್ನು ನೀಲಾಂಬಿಕೆಗೆ ಅವರ ತಂದೆ ಸಾಯುವ ಮುಂಚೆ ಕಿವಿಯಲ್ಲಿ ಹೇಳಿದ್ದು. ಒಬ್ಬರಿಂದ ಒಬ್ಬರಿಗೆ, ಅದೂ ಕಿವಿಯಲ್ಲೇ. ಹೇಳಿಬಿಟ್ಟವರು ಮತ್ತೆ ಯಾರಿಗೂ ಮದ್ದು ಕೊಡುವಂತಿಲ್ಲ. ನೀಲಾಂಬಿಕೆ ಮೊಮ್ಮಗಳನ್ನು ನೋಡಿದರು. ಅವಳು ಎರಡೂ ಮುಷ್ಟಿಯನ್ನು ಕಿಬ್ಬೊಟ್ಟೆಗೆ ಒತ್ತಿಕೊಂಡಿದ್ದಳು. ಸೊಸೆಯ ರಟ್ಟೆ ಹಿಡಿದು ಬಗ್ಗಿಸಿಕೊಂಡು ಕಿವಿಗೆ ಬಾಯಿಟ್ಟರು.

"ಇನ್ಮೇಕೆ ನಿಂದು ಕಣವ್ವ," ಎಂದರು ಆಮೇಲೆ. "ಯಾರ್ಗೇಳ್ತೀಯೋ ನಿಂಗ್ಬುಟ್ಟಿದ್ದು."

ಹೇಮಶ್ರೀ ಮಗಳ ಮುಖ ನೋಡುತ್ತಲೇ ಹೆಸರು ಹೇಳಿದಳು. ಕಿವಿಯಲ್ಲಿ ಕೇಳಿಸಿಕೊಂಡಷ್ಟೇ ಮೆಲ್ಲಗೆ. ಡಾಕ್ಟರಮ್ಮ ಪೆನ್ನು ಹಿಡಿದು ಕಾಯುತ್ತಿದ್ದರು. ಇನ್ನೊಮ್ಮೆ, ಗಟ್ಟಿಯಾಗಿ ಹೇಳಬೇಕಾಯಿತು.