ತೊಕುಜಿ ಹಾಕಿದ ಪೈಪು

ಒಳಚರಂಡಿ ಶುಲ್ಕ ಏರಿಸುವ ಮಾತು ಬಂದಾಗ ಕೆಳಕೇರಿಯವರ ಬಾಯಿ ಮುಚ್ಚಿಸಿದವಳು ಫುಸಾಯೋ ಅಜ್ಜಿ. ಸಹಿಯ ಬದಲು ಒಪ್ಪಿಗೆಯ ಮೊಹರು ಒತ್ತಿಸಿಕೊಳ್ಳಲು ಕೇರಿಯ ಸುತ್ತೋಲೆ ಹಲಗೆ ಹಿಡಿದು ಮನೆಮನೆ ಹತ್ತಿ ಇಳಿದಳು.

"ಐವತ್ತು ವರ್ಷದ ಪೈಪು, ಹಪ್ಪಳ ಆಗೋಗಿದೆ. ನಮ್ಮನೆಯವ್ರು ಮೂವತ್ತೊಂದು ವರ್ಷ ಅದರೊಳಗೇ ತೆವಳಿದೋರು. ನಂಗೆ ಹೇಳ್ಕೊಡ್ಬೇಡಿ, ಸುಮ್ನೆ ಮೊಹರು ಒತ್ತಿ."

ಒಳಚರಂಡಿ ಕೆಲಸಗಾರನಾಗಿದ್ದ, ತೀರಿಹೋದ ಗಂಡ ತೊಕುಜಿಯ ಹೆಸರೆತ್ತಿದರೆ ಸಾಕು, ಎಂಥ ಜಿಪುಣನೂ ಮೊಹರು ಹುಡುಕುತ್ತಿದ್ದ. ಅಂಥ ಮನುಷ್ಯ ಅವನು. ಒತ್ತದೆ ಉಳಿದವನು ಮೀನಂಗಡಿಯ ಕುಮೆದಾ ಒಬ್ಬನೇ. ಜೋರು ಮಳೆ ಬಂದರೆ ಅವನ ಮನೆಯ ಕಕ್ಕಸು ಉಕ್ಕುತ್ತಿತ್ತು. ಮೊದಲು ಅದನ್ನು ಸರಿಮಾಡಿ, ಆಮೇಲೆ ದುಡ್ಡು ಕೇಳಿ ಎಂಬುದು ಅವನ ಹಟ. ನಗರಸಭೆಯದೋ, ಇಡೀ ಕೇರಿ ಒಪ್ಪಿದರೆ ಮಾತ್ರ ಈ ವರ್ಷ ಹೊಸ ಪೈಪು ಎಂಬ ಪಟ್ಟು.

ಮಳೆನೀರು ಎಲ್ಲಿಂದ ಒಳಚರಂಡಿಗೆ ನುಗ್ಗಿ ಕುಮೆದಾನ ಕಕ್ಕಸು ಉಕ್ಕಿಸುತ್ತಿದೆ ಎಂದು ನೋಡಲು ಶನಿವಾರ ಬೆಳಿಗ್ಗೆ ನಗರಸಭೆಯ ಎಂಜಿನಿಯರ್ ಹುಡುಗಿ ಒರಿಹಾರಾ ಬಂದು, ಮ್ಯಾನ್‌ಹೋಲ್ ತೆಗೆದು ಬಿಳಿ ಹೊಗೆ ಊದಿಸಿದಳು. ಯಾರ ಮನೆಯ ಮಳೆನೀರಿನ ಪೈಪಿನಿಂದ ಹೊಗೆ ಎದ್ದಿತೋ ಅವರೇ ಅದನ್ನು ಒಳಚರಂಡಿಗೆ ಕದ್ದು ಜೋಡಿಸಿದವರು.

ಹೊಗೆ ಎದ್ದದ್ದು ಫುಸಾಯೋ ಮನೆಯ ಹಿತ್ತಲಲ್ಲಿ. ಅಲ್ಲಿದ್ದವರು ಅಜ್ಜಿ ಮತ್ತು ಒರಿಹಾರಾ ಇಬ್ಬರೇ. ಒರಿಹಾರಾ ನೆಲ ಕೆದಕಿ ನೋಡಿದಳು.

"ಎಷ್ಟು ಚೆನ್ನಾಗಿ ಜೋಡ್ಸಿದಾರೆ. ಕೆಲಸ ಬಲ್ಲೋರ ಕೈ ಇದು," ಎಂದವಳು ನಾಲಿಗೆ ಕಚ್ಚಿಕೊಂಡಳು.

ಫುಸಾಯೋಗೆ ನೆನಪಾಯಿತು. ಮಗಳು ಹುಟ್ಟಿದ ವರ್ಷ ಹಿತ್ತಲಲ್ಲಿ ಮಳೆನೀರು ನಿಂತು ಬಾಣಂತಿ ಕೋಣೆಗೇ ನುಗ್ಗಿತ್ತು. ಒಂದು ಭಾನುವಾರ ತೊಕುಜಿ ಒಬ್ಬನೇ ಕೂತು ಅಗೆದ. ಆಮೇಲೆ ಹಿತ್ತಲಲ್ಲಿ ನೀರು ನಿಲ್ಲಲಿಲ್ಲ. ಅದು ಎಲ್ಲಿಗೆ ಹೋಯಿತೆಂದು ಅವಳೂ ಕೇಳಲಿಲ್ಲ.

"ಯಾರು ಹಾಕಿದ್ದೋ ಗೊತ್ತಿಲ್ಲ ಅಂತ ಬರೀತೀನಿ ಅಜ್ಜಿ. ಸಂಜೆ ಕೇರಿ ಸಭೇಲಿ ಯಾರ್ಗೂ ತಿಳಿಯಲ್ಲ."

"ಹೂಂ," ಎಂದುಬಿಟ್ಟಳು. ಮಧ್ಯಾಹ್ನ ಅನ್ನ ಸೇರಲಿಲ್ಲ. ಸತ್ತ ಗಂಡನ ಮುಖಕ್ಕೆ ತಾನೇ ಮಸಿ ಬಳಿಯುವುದೇ? ಅಥವಾ ಅದೇ ಗಂಡನ ಹೆಸರು ಹೇಳಿ ಕುಮೆದಾನ ಮೊಹರು ಕೇಳುವುದೇ?

ಸಂಜೆ ಸಭೆಯಲ್ಲಿ ಎದ್ದು ನಿಂತಳು. "ಕುಮೆದಾ, ನಿಮ್ಮನೆ ಕಕ್ಕಸು ಉಕ್ಕಿದ್ದು ನಮ್ಮನೆ ಮಳೆನೀರಿಂದ. ನಮ್ಮನೆಯವ್ರೇ ಪೈಪು ತಿರುಗ್ಸಿದ್ರು, ನಂಗೋಸ್ಕರ. ಬೈಯೋದಿದ್ರೆ ನನ್ನೇ ಬೈಯಪ್ಪ."

ಕುಮೆದಾ ತಲೆ ತಗ್ಗಿಸಿ ಕೂತಿದ್ದ.

"ಮಳೆ ಜೋರಾದಾಗೆಲ್ಲ ತೊಕುಜಿಯಣ್ಣ ಕರೀದೇನೇ ಬಕೆಟ್ಟು ಹಿಡ್ಕೊಂಡು ಬರೋರು ಅಜ್ಜಿ," ಎಂದ. "ನಮ್ಮನೆ ಹೇಸಿಗೆನೆಲ್ಲ ಬಾಚಿ ತೊಳೆಯೋರು. ಒಂದು ಲೋಟ ಚಹಾ ಕೊಟ್ರೂ ಮುಟ್ತಿರ್ಲಿಲ್ಲ. ಹೋಗೋವಾಗ ಅವ್ರೇ ಬಗ್ಗಿ ನಮಸ್ಕಾರ ಮಾಡೋರು. ಯಾಕೆ ಅಂತ ನಮ್ಮಪ್ಪಂಗೆ ಸಾಯೋವರ್ಗೂ ಗೊತ್ತಾಗ್ಲಿಲ್ಲ. ತನ್ನಿ ಇಲ್ಲಿ ಆ ಹಲಗೇನ."

ಅವನು ಮೊಹರು ಒತ್ತುತ್ತಿದ್ದರೆ ಫುಸಾಯೋಗೆ ಕಣ್ಣೇ ಕಾಣಲಿಲ್ಲ. ಮಳೆ ಹಿಡಿದರೆ ತೊಕುಜಿ ಹೆಂಡತಿ ಮಗಳನ್ನು ಬಿಟ್ಟು ಓಡುತ್ತಾನೆ, ಇವನಿಗೆ ನೌಕರಿಯೇ ಹೆಚ್ಚು ಎಂದು ಆಯುಷ್ಯವಿಡೀ ಗೊಣಗಿದ್ದಳು. ಪುಣ್ಯಾತ್ಮ ಒಂದು ದಿನವೂ ಎದುರಾಡಿರಲಿಲ್ಲ.

"ಒಂದು ಮಾತು ಹೇಳಿದ್ರೆ," ಎಂದಳು ಎಲ್ಲರೆದುರೇ ಅಳುತ್ತ, "ನಾನೂ ಇನ್ನೊಂದು ಬಕೆಟ್ಟು ಹಿಡ್ಕೊಂಡು ಜೊತೆಗೆ ಬರ್ತಿದ್ನಲ್ಲ."