ಅಪ್ಪ ಹಾಕಿದ ಗ್ರೀಸ್

ಬಾಯ್ಲರಿನ ದೊಡ್ಡ ಫ್ಯಾನ್ ಬೆಳಿಗ್ಗೆ ಹತ್ತಕ್ಕೆ ಕಿರ್ರೆಂದು ನಿಂತೇ ಹೋಯಿತು. ಫಿಟ್ಟರ್ ನಾನು, ಮುಚ್ಚಳ ಬಿಚ್ಚಿದೆ. ಒಳಗೆ ಬೇರಿಂಗ್ ಕಾಣಲೇ ಇಲ್ಲ, ಬರೀ ಗ್ರೀಸು! ಕಂಠಪೂರ್ತಿ ತುರುಕಿದ್ದರು. ಹೋಗಲು ಜಾಗವಿಲ್ಲದೆ ಅದು ಕಾದು, ಉಬ್ಬಿ, ಸೀಲನ್ನೇ ಹೊರಗೆ ತಳ್ಳಿತ್ತು. ಸೀಲ್ ಅಂದರೆ ಏನು ಮಹಾ, ಒಂದು ರಬ್ಬರ್ ಬಳೆ ಅಷ್ಟೆ. ಆದರೆ ಅದು ಎದ್ದುಹೋದರೆ ಬೂದಿ ಸೀದಾ ಬೇರಿಂಗಿನ ಗುಂಡುಗಳಿಗೆ ನುಗ್ಗುತ್ತದೆ. ನುಗ್ಗಿತ್ತು. ಗುಂಡುಗಳೆಲ್ಲ ಸುಟ್ಟು ನೀಲಿಗಟ್ಟಿದ್ದವು.

ಯಾವ ದಡ್ಡ ಶಿಖಾಮಣಿ ಮಾಡಿದ ಕೆಲಸ ಇದು ಅಂತ ಬೈಯೋಕೆ ಬಾಯಿ ತೆರೆದವನು ಹಾಗೇ ಮುಚ್ಚಿದೆ. ಈ ಫ್ಯಾನಿಗೆ ಗ್ರೀಸ್ ಹಾಕುವವರು ಒಬ್ಬರೇ, ನಮ್ಮಪ್ಪ.

ತಿಂಗಳಿಗೊಂದು ಸಲ, ಗ್ರೀಸ್ ಗನ್ನಿನ ಹಿಡಿ ನಾಲ್ಕೇ ಸಲ ಒತ್ತಬೇಕು. ನನಗೆ ಕಿವಿ ಹಿಂಡಿ ಕಲಿಸಿದವರೂ ಅವರೇ. ಈ ವಾರ ಅವರು ಹಾಕುವುದನ್ನು ನಾನು ಕಣ್ಣಾರೆ ಕಂಡಿದ್ದೇ ಎರಡು ಸಲ. ಮನೆಯಲ್ಲೂ ಅಷ್ಟೆ, ಸ್ನಾನ ಮಾಡಿ ಬಂದವರೇ ಮತ್ತೆ ಸ್ನಾನಕ್ಕೆ ಅಂತ ಟವೆಲ್ ಕೇಳುತ್ತಾರೆ. ಅಮ್ಮ ‘ವಯಸ್ಸಾಯ್ತಲ್ಲ’ ಅಂತ ನಗುತ್ತಾಳೆ. ನಾನೂ ನಕ್ಕಿದ್ದೆ, ಥೂ ನನ್ನ! ಅಪ್ಪನ ನಿವೃತ್ತಿಗೆ ಇನ್ನು ಮೂರೇ ತಿಂಗಳು. ವಿಷಯ ಗೊತ್ತಾದರೆ ಸಾಹೇಬರು ಇವತ್ತೇ ಗೇಟಿನಾಚೆ ಕಳಿಸುತ್ತಾರೆ. ಮೂವತ್ತೆಂಟು ವರ್ಷದ ಮರ್ಯಾದೆ ಮಣ್ಣುಪಾಲು.

ಸಾಹೇಬರು ಬಂದರು, ಹಿಂದೆಯೇ ಅಪ್ಪ.

“ಯಾರ್ರೀ ಇದು ಮಾಡಿದ್ದು?”

“ನಾನೇ ಸಾರ್,” ಅಂದೆ. “ಶಬ್ದ ಬರ್ತಿತ್ತು ಅಂತ ಹಾಕಿಬಿಟ್ಟೆ.”

ಅಪ್ಪ ಗ್ರೀಸಿನೊಳಗೆ ಬೆರಳಿಟ್ಟು ನೋಡಿದರು. ಮುಖ ಕೆಂಪೇರಿತು.

“ನಾಚಿಕೆ ಆಗಲ್ವೇನೋ ನಿಂಗೆ? ನನ್ನ ಮಗ ಅಂತ ಹೇಳ್ಕೊಂಡು ತಿರುಗ್ತೀಯಲ್ಲೋ! ಅದಕ್ಕೂ ಉಸಿರಾಡೋಕೆ ಜಾಗ ಬೇಕು ಕಣೋ. ಎಷ್ಟು ಸಲ ಬಡ್ಕೊಂಡಿದೀನಿ!”

ಎಲ್ಲರೂ ನೋಡುತ್ತಿದ್ದರು. ಅವರು ಹೇಳಿದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಅದಕ್ಕೇ ನನಗೆ ಅಳು ಒತ್ತರಿಸಿ ಬಂತು.

“ಸಾರ್, ಇವನನ್ನ ಫ್ಯಾನ್ ಹತ್ರ ಬಿಡಬೇಡಿ,” ಅಂದರು ಅಪ್ಪ. “ಇನ್ಮೇಲೆ ಕಾರ್ಖಾನೆಯ ಎಲ್ಲಾ ಬೇರಿಂಗೂ ನಾನೇ ನೋಡ್ಕೋತೀನಿ.”

“ಸದ್ಯ, ನೀವಾದ್ರೂ ಇದೀರಲ್ಲ,” ಅಂದವರೇ ಸಾಹೇಬರು ಗ್ರೀಸ್ ಕೋಣೆಯ ಬೀಗದ ಕೈಯನ್ನು ಅಪ್ಪನ ಕೈಗೇ ಕೊಟ್ಟರು.

ನಾನು ಏನಂತ ಹೇಳಲಿ? ಹೇಳಿದರೆ ಅಪ್ಪನ ಮಾನ ಹೋಗುತ್ತದೆ, ಸುಮ್ಮನಿದ್ದರೆ ಇನ್ನೊಂದು ಫ್ಯಾನ್ ಸುಡುತ್ತದೆ. ಅಪ್ಪ ಆಗಲೇ ಗನ್ ತುಂಬಿಸಿಕೊಂಡು ಎರಡನೇ ಫ್ಯಾನಿನ ಕಡೆ ಹೊರಟಿದ್ದರು.